ಯಂತ್ರಗಳ ಅಪಾಯಸೂಚಕ ಚಿಹ್ನೆಗಳು

ಯಂತ್ರಗಳ ಅಪಾಯಸೂಚಕ ಚಿಹ್ನೆಗಳು ಎಂದರೆ ಯಂತ್ರದ ಯಾವ ಭಾಗದಿಂದ, ಯಾವ ಬಗೆಯಲ್ಲಿ ದೇಹಕ್ಕೆ ಹಾನಿಯಾಗಬಹುದು ಎಂಬುದನ್ನು ಚಿತ್ರ, ಆಕಾರ ಮತ್ತು ಬಣ್ಣಗಳ ಮೂಲಕ ತಿಳಿಸುವ ಗುರುತುಗಳು. ಕಾರ್ಖಾನೆ, ಹಿಟ್ಟಿನ ಗಿರಣಿ, ಆಲೆಮನೆ, ಮುದ್ರಣಾಲಯ, ಒಕ್ಕಣೆಯ ಕಣ ಮೊದಲಾಗಿ ಶಕ್ತಿಚಾಲಿತ ಯಂತ್ರಗಳಿರುವ ಎಲ್ಲೆಡೆ ಇವುಗಳ ಬಳಕೆಯುಂಟು. ಓದುಬರಹ ಬಾರದವರಿಗೂ ಸ್ಥಳೀಯ ಭಾಷೆ ತಿಳಿಯದವರಿಗೂ ನೋಡಿದೊಡನೆ ಅರ್ಥವಾಗಬೇಕೆಂಬುದು ಇವುಗಳ ಮುಖ್ಯ ಉದ್ದೇಶ. ಆದುದರಿಂದ 'ಅಪಾಯವಿದೆ' ಎಂದಷ್ಟೇ ಹೇಳುವ ಚಿಹ್ನೆಗಿಂತ 'ಇಲ್ಲಿ ಕೈ ಸಿಲುಕುತ್ತದೆ', 'ಈ ಭಾಗ ಸುಡುತ್ತದೆ', 'ಈ ಯಂತ್ರ ತಾನಾಗಿಯೇ ಚಾಲೂ ಆಗುತ್ತದೆ' ಎಂದು ಅಪಾಯದ ಬಗೆಯನ್ನೇ ಹೇಳುವ ಚಿಹ್ನೆ ಹೆಚ್ಚು ಉಪಯುಕ್ತ. ಸರಿಯಾದ ಚಿಹ್ನೆಯ ಆಯ್ಕೆಯು ಯಂತ್ರದ ಅಪಾಯಗಳ ವಿಶ್ಲೇಷಣೆಯಿಂದ ಆರಂಭವಾಗುತ್ತದೆ.

ಸುರಕ್ಷತಾ ಕ್ರಮಗಳಲ್ಲಿ ಚಿಹ್ನೆಯ ಸ್ಥಾನ

ಯಂತ್ರಗಳ ಸುರಕ್ಷತೆಯ ಮೂಲಭೂತ ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ 12100 (2010) ಅಪಾಯವನ್ನು ತಗ್ಗಿಸಲು ಮೂರು ಹಂತಗಳನ್ನು ವಿಧಿಸುತ್ತದೆ. ಈ ಹಂತಗಳನ್ನು ಇದೇ ಕ್ರಮದಲ್ಲಿ ಅನುಸರಿಸಬೇಕು.

1. ವಿನ್ಯಾಸದಲ್ಲಿಯೇ ಅಪಾಯವನ್ನು ನಿವಾರಿಸುವುದು. ಚೂಪಾದ ಅಂಚನ್ನು ದುಂಡಾಗಿಸುವುದು, ವೇಗವನ್ನೋ ಒತ್ತಡವನ್ನೋ ಕಡಿಮೆ ಮಾಡುವುದು ಇದಕ್ಕೆ ಉದಾಹರಣೆಗಳು.
2. ವಿನ್ಯಾಸದಿಂದ ನಿವಾರಿಸಲಾಗದ ಅಪಾಯಕ್ಕೆ ರಕ್ಷಣೆಯನ್ನು ಒದಗಿಸುವುದು. ಹಲ್ಲುಗಾಲಿ ಮತ್ತು ಬೆಲ್ಟುಗಳಿಗೆ ಗಟ್ಟಿಯಾದ ಮುಚ್ಚಳ, ಮುಚ್ಚಳ ತೆರೆದೊಡನೆ ಯಂತ್ರವನ್ನು ನಿಲ್ಲಿಸುವ ವ್ಯವಸ್ಥೆ, ತುರ್ತು ನಿಲುಗಡೆಯ ಗುಂಡಿ ಇತ್ಯಾದಿಗಳು ಈ ಹಂತಕ್ಕೆ ಸೇರುತ್ತವೆ.
3. ಇಷ್ಟಾದ ಮೇಲೂ ಉಳಿಯುವ ಅಪಾಯದ ಬಗ್ಗೆ ಬಳಕೆದಾರನಿಗೆ ತಿಳಿವಳಿಕೆ ನೀಡುವುದು. ಚಿಹ್ನೆಗಳು, ದೀಪ ಮತ್ತು ಸದ್ದಿನ ಸಂಕೇತಗಳು, ಕೈಪಿಡಿಗಳು ಈ ಮೂರನೆಯ ಹಂತದಲ್ಲಿ ಬರುತ್ತವೆ.

ಮುಚ್ಚಳವು ಕೆಲಸಗಾರನು ಮೈಮರೆತಾಗಲೂ ಅವನ ಕೈಯನ್ನು ತಡೆಯುತ್ತದೆ. ಚಿಹ್ನೆಯಾದರೋ ಅವನು ಅದನ್ನು ನೋಡಿ, ಅರ್ಥಮಾಡಿಕೊಂಡು, ಅದರಂತೆ ನಡೆದಾಗ ಮಾತ್ರ ಫಲಿಸುತ್ತದೆ. ಈ ಕಾರಣದಿಂದ ಮುಚ್ಚಳ ಹಾಕಬಹುದಾದ ಕಡೆ ಚಿಹ್ನೆಯನ್ನು ಅಂಟಿಸಿ ಸುಮ್ಮನಾಗುವುದನ್ನು ಮಾನಕವು ಒಪ್ಪುವುದಿಲ್ಲ.

ಪ್ರಮುಖ ಮಾನಕಗಳು

ಸುರಕ್ಷತಾ ಚಿಹ್ನೆಗಳ ಆಕಾರ, ಬಣ್ಣ ಮತ್ತು ರಚನೆಯ ನಿಯಮಗಳು ಐಎಸ್‌ಒ 3864 ಮಾನಕದ ವಿವಿಧ ಭಾಗಗಳಲ್ಲಿವೆ. ಅದರ ಎರಡನೆಯ ಭಾಗವು ಉತ್ಪನ್ನಗಳ ಮೇಲೆ ಅಂಟಿಸುವ ಪಟ್ಟಿಗಳಿಗೆ ಸಂಬಂಧಿಸಿದ್ದು. ನೋಂದಾಯಿತ ಚಿಹ್ನೆಗಳ ಸಂಗ್ರಹವು ಐಎಸ್‌ಒ 7010 ಎಂಬ ಮಾನಕದಲ್ಲಿದೆ. 2003ರಲ್ಲಿ ಮೊದಲು ಪ್ರಕಟವಾದ ಇದು 2011 ಮತ್ತು 2019ರಲ್ಲಿ ಪರಿಷ್ಕೃತವಾಯಿತು. ಇದರಲ್ಲಿ ಪ್ರತಿಯೊಂದು ಚಿಹ್ನೆಗೂ ಒಂದು ಅಕ್ಷರ ಮತ್ತು ಮೂರು ಅಂಕಿಗಳ ಗುರುತು ಇರುತ್ತದೆ. 'ಡಬ್ಲ್ಯು' ಎಚ್ಚರಿಕೆಯನ್ನೂ 'ಪಿ' ನಿಷೇಧವನ್ನೂ 'ಎಂ' ಕಡ್ಡಾಯ ಕ್ರಮವನ್ನೂ 'ಇ' ಸುರಕ್ಷಿತ ಸ್ಥಿತಿಯನ್ನೂ 'ಎಫ್' ಅಗ್ನಿಶಾಮಕ ಸಾಧನವನ್ನೂ ಸೂಚಿಸುತ್ತವೆ.

ಅಮೆರಿಕದಲ್ಲಿ ಆನ್ಸಿ ಝಡ್535 ಮಾನಕಮಾಲೆ ರೂಢಿಯಲ್ಲಿದೆ. ಕೃಷಿ ಮತ್ತು ಅರಣ್ಯ ಯಂತ್ರಗಳ ಚಿಹ್ನೆಗಳಿಗೆ ಐಎಸ್‌ಒ 11684 ಎಂಬ ಪ್ರತ್ಯೇಕ ಮಾನಕವಿದೆ. ಭಾರತದಲ್ಲಿ ಭಾರತೀಯ ಮಾನಕ ಬ್ಯೂರೋ ಪ್ರಕಟಿಸಿರುವ ಐಎಸ್ 9457 (2005) ಸುರಕ್ಷತಾ ಬಣ್ಣ ಹಾಗೂ ಚಿಹ್ನೆಗಳ ಸಂಹಿತೆಯಾಗಿದೆ.

ಆಕಾರ ಮತ್ತು ಬಣ್ಣ

ಚಿತ್ರವನ್ನು ಗುರುತಿಸುವ ಮೊದಲೇ ಆಕಾರ ಮತ್ತು ಬಣ್ಣಗಳು ಸಂದೇಶದ ಜಾತಿಯನ್ನು ತಿಳಿಸುತ್ತವೆ.

• ಎಚ್ಚರಿಕೆ: ಕಪ್ಪು ಅಂಚುಳ್ಳ ಹಳದಿ ಸಮಬಾಹು ತ್ರಿಕೋನ, ಒಳಗೆ ಕಪ್ಪು ಚಿತ್ರ. ಚಿಹ್ನೆಯ ವಿಸ್ತೀರ್ಣದಲ್ಲಿ ಕನಿಷ್ಠ ಅರ್ಧದಷ್ಟು ಹಳದಿ ಇರಬೇಕು.
• ನಿಷೇಧ: ಬಿಳಿ ಹಿನ್ನೆಲೆಯ ಮೇಲೆ ಕೆಂಪು ವೃತ್ತ ಮತ್ತು ಓರೆಗೆರೆ, ಕಪ್ಪು ಚಿತ್ರ.
• ಕಡ್ಡಾಯ ಕ್ರಮ: ನೀಲಿ ವೃತ್ತ, ಬಿಳಿ ಚಿತ್ರ.
• ಸುರಕ್ಷಿತ ಸ್ಥಿತಿ: ಹಸಿರು ಚೌಕ ಅಥವಾ ಆಯತ, ಬಿಳಿ ಚಿತ್ರ.
• ಅಗ್ನಿಶಾಮಕ ಸಾಧನ: ಕೆಂಪು ಚೌಕ, ಬಿಳಿ ಚಿತ್ರ.

ಬಣ್ಣದ ಜೊತೆಗೆ ಆಕಾರವನ್ನೂ ಬೇರೆಬೇರೆಯಾಗಿ ನಿಗದಿಪಡಿಸಿರುವುದಕ್ಕೆ ಕಾರಣವಿದೆ. ಕೆಂಪು ಮತ್ತು ಹಸಿರುಗಳನ್ನು ಬೇರ್ಪಡಿಸಿ ಕಾಣಲಾಗದ ವರ್ಣಾಂಧತೆಯುಳ್ಳವರು ಆಕಾರದಿಂದಲೇ ಸಂದೇಶವನ್ನು ಗ್ರಹಿಸಬಲ್ಲರು. ಮಂದ ಬೆಳಕಿನಲ್ಲಿಯೂ, ಮಸಿ ಹಿಡಿದ ಫಲಕದಲ್ಲಿಯೂ ಆಕಾರವು ಬಣ್ಣಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ.

ಕೆಂಪು ಅಂಚಿನ, ಮೂಲೆಯ ಮೇಲೆ ನಿಲ್ಲಿಸಿದ ಚೌಕಾಕಾರದ ಚಿಹ್ನೆಗಳು ಈ ವರ್ಗಕ್ಕೆ ಸೇರಿದವಲ್ಲ. ಅವು ರಾಸಾಯನಿಕಗಳ ವರ್ಗೀಕರಣಕ್ಕೆ ವಿಶ್ವಸಂಸ್ಥೆಯ ಜಾಗತಿಕ ಪದ್ಧತಿ ಗೊತ್ತುಪಡಿಸಿದ ಒಂಬತ್ತು ಚಿಹ್ನೆಗಳು. ಡಬ್ಬಿ, ಪೀಪಾಯಿಗಳ ಮೇಲೆ ಇರಬೇಕಾದ ಅವನ್ನು ಯಂತ್ರದ ಚಲಿಸುವ ಭಾಗಗಳಿಗೆ ಬಳಸುವುದು ಸರಿಯಲ್ಲ.

ಅಪಾಯಕ್ಕೆ ತಕ್ಕ ಚಿಹ್ನೆ

ಆಯ್ಕೆಯ ಮೊದಲ ಪ್ರಶ್ನೆ: ದೇಹದ ಯಾವ ಅಂಗಕ್ಕೆ, ಯಂತ್ರದ ಯಾವ ಕ್ರಿಯೆಯಿಂದ ಪೆಟ್ಟು ಬೀಳುತ್ತದೆ? ಒಂದೇ ಕೈಗೆ ಒದಗುವ ಅಪಾಯಗಳು ಹಲವು ಬಗೆಯವು. ಅವುಗಳಿಂದ ತಪ್ಪಿಸಿಕೊಳ್ಳುವ ಉಪಾಯಗಳೂ ಬೇರೆಬೇರೆ.

• ಕೈ ಜಜ್ಜುವಿಕೆ (ಡಬ್ಲ್ಯು024): ಮೇಲಿನಿಂದ ಇಳಿಯುವ ಅಥವಾ ಎದುರಿನಿಂದ ಬಂದು ಮುಚ್ಚುವ ಭಾಗಗಳಿಗೆ. ಪವರ್ ಪ್ರೆಸ್, ಅಚ್ಚೊತ್ತುವ ಯಂತ್ರಗಳು ಇದಕ್ಕೆ ಉದಾಹರಣೆ.
• ಎದುರುಬದುರಾಗಿ ತಿರುಗುವ ರೋಲರುಗಳು (ಡಬ್ಲ್ಯು025): ಕೈಯನ್ನು ಒಳಕ್ಕೆ ಎಳೆದುಕೊಳ್ಳುವ ಯಂತ್ರಗಳಿಗೆ. ಕಬ್ಬಿನ ಗಾಣ, ಮುದ್ರಣ ಯಂತ್ರ, ರಬ್ಬರ್ ಶೀಟು ಒತ್ತುವ ಯಂತ್ರಗಳಲ್ಲಿ ಇದು ಬೇಕು.
• ಚೂಪಾದ ಭಾಗ (ಡಬ್ಲ್ಯು022): ಅಲಗು, ಗರಗಸ, ಮೇವು ಕತ್ತರಿಸುವ ಯಂತ್ರದ ಬ್ಲೇಡುಗಳಿಗೆ.
• ದೇಹ ಜಜ್ಜುವಿಕೆ (ಡಬ್ಲ್ಯು019): ಚಲಿಸುವ ದೊಡ್ಡ ಭಾಗಕ್ಕೂ ಗೋಡೆಗೋ ಕಂಬಕ್ಕೋ ನಡುವೆ ಮನುಷ್ಯ ಸಿಲುಕಬಹುದಾದ ಸ್ಥಳಕ್ಕೆ.
• ತಾನಾಗಿ ಚಾಲನೆಗೊಳ್ಳುವ ಯಂತ್ರ (ಡಬ್ಲ್ಯು018): ನಿಂತಂತೆ ಕಾಣುತ್ತಿದ್ದು, ಒತ್ತಡ ಅಥವಾ ಉಷ್ಣತೆ ಇಳಿದೊಡನೆ ತಿರುಗತೊಡಗುವ ಕಂಪ್ರೆಸರ್, ಪಂಪ್ ಮೊದಲಾದವುಗಳಿಗೆ.
• ಬಿಸಿಯಾದ ಮೇಲ್ಮೈ (ಡಬ್ಲ್ಯು017): ಬಾಯ್ಲರ್ ಕೊಳವೆ, ಎಂಜಿನ್ನಿನ ಹೊಗೆಕೊಳವೆ ಇತ್ಯಾದಿಗಳಿಗೆ.
• ವಿದ್ಯುತ್ (ಡಬ್ಲ್ಯು012): ಬಾಣದ ಮೊನೆಯುಳ್ಳ ಮಿಂಚಿನ ಚಿತ್ರ, ಮೋಟಾರಿನ ಸಂಪರ್ಕ ಪೆಟ್ಟಿಗೆ, ಸ್ವಿಚ್ ಫಲಕಗಳಿಗೆ.
• ತೂಗುವ ಭಾರ (ಡಬ್ಲ್ಯು015): ಕ್ರೇನ್ ಓಡಾಡುವ ಜಾಗಕ್ಕೆ.
• ಲೇಸರ್ ಕಿರಣ (ಡಬ್ಲ್ಯು004): ಲೇಸರಿನಿಂದ ಲೋಹ ಕತ್ತರಿಸುವ ಯಂತ್ರಕ್ಕೆ.

ತ್ರಿಕೋನದೊಳಗೆ ಆಶ್ಚರ್ಯಸೂಚಕವಿರುವ ಸಾಮಾನ್ಯ ಎಚ್ಚರಿಕೆಯ ಚಿಹ್ನೆ (ಡಬ್ಲ್ಯು001) ಎಲ್ಲಿ ಬೇಕಾದರೂ ಹೊಂದುವಂತೆ ಕಾಣುತ್ತದೆ. ಆದರೆ ಎಲ್ಲಿ ಏನಾಗುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಆದುದರಿಂದ ನಿರ್ದಿಷ್ಟ ಚಿಹ್ನೆ ಲಭ್ಯವಿಲ್ಲದಾಗ ಮಾತ್ರ ಅದನ್ನು ಬಳಸಬೇಕು. ಜೊತೆಯಲ್ಲಿ ವಿವರಿಸುವ ಬರಹವೂ ಇರಬೇಕು.

ಎಚ್ಚರಿಕೆಯ ಜೊತೆಗೆ ಮಾಡಬೇಕಾದದ್ದನ್ನೂ ಮಾಡಬಾರದ್ದನ್ನೂ ತಿಳಿಸುವುದು ಉತ್ತಮ. ಒಳಗೆ ಕೈಹಾಕಬಾರದು (ಪಿ015), ದುರಸ್ತಿಗೆ ಮೊದಲು ವಿದ್ಯುತ್ ಸಂಪರ್ಕ ಕಡಿತಗೊಳಿಸಬೇಕು (ಎಂ021), ಕೈಪಿಡಿಯನ್ನು ಓದಬೇಕು (ಎಂ002) ಎಂಬ ಚಿಹ್ನೆಗಳು ಯಂತ್ರಗಳಿಗೆ ಹೆಚ್ಚಾಗಿ ಬೇಕಾಗುವಂಥವು.

ತಪ್ಪು ಚಿಹ್ನೆಯು ಅನರ್ಥಕ್ಕೂ ದಾರಿಯಾಗಬಹುದು. ತಗಡನ್ನು ಎತ್ತಿ ಸಾಗಿಸುವವರಿಗೆ ಕೈಗವಸು ರಕ್ಷಣೆ ನೀಡುತ್ತದೆ. ಅಲ್ಲಿ ಕೈಗವಸು ಧರಿಸಬೇಕೆಂಬ ನೀಲಿ ಚಿಹ್ನೆ (ಎಂ009) ಯುಕ್ತ. ಆದರೆ ಕೊರೆಯುವ ಯಂತ್ರದಲ್ಲಿ ತಿರುಗುವ ಬೈರಿಗೆಗೆ ಕೈಗವಸಿನ ತುದಿ ಸಿಕ್ಕಿದರೆ ಅದು ಬೆರಳುಗಳನ್ನೂ ಜೊತೆಗೆ ಸುತ್ತಿಕೊಳ್ಳುತ್ತದೆ. ಅಲ್ಲಿ ಇರಬೇಕಾದದ್ದು ಕೈಗವಸು ಧರಿಸಬಾರದೆಂಬ ನಿಷೇಧ ಚಿಹ್ನೆ (ಪಿ028). ಇಡೀ ಕಾರ್ಖಾನೆಗೆ ಒಂದೇ ಬಗೆಯ ಫಲಕವನ್ನು ಹಚ್ಚಿದಾಗ ಇಂತಹ ವಿರೋಧ ಉಂಟಾಗುತ್ತದೆ.

ಸಂಕೇತಪದಗಳು

ಅಮೆರಿಕದ ಪದ್ಧತಿಯಲ್ಲಿ ಚಿತ್ರದ ಮೇಲ್ಭಾಗದಲ್ಲಿ ಅಪಾಯದ ತೀವ್ರತೆಯನ್ನು ತಿಳಿಸುವ ಒಂದು ಸಂಕೇತಪದವನ್ನು ಮುದ್ರಿಸುತ್ತಾರೆ. ಅವುಗಳ ಅರ್ಥವ್ಯಾಪ್ತಿಯನ್ನು ಕನ್ನಡದಲ್ಲಿ ಹೀಗೆ ಹೇಳಬಹುದು.

• 'ಅಪಾಯ' (ಕೆಂಪು): ತಪ್ಪಿಸಿಕೊಳ್ಳದಿದ್ದರೆ ಸಾವು ಅಥವಾ ತೀವ್ರ ಗಾಯ ಖಚಿತ.
• 'ಎಚ್ಚರಿಕೆ' (ಕಿತ್ತಳೆ): ತಪ್ಪಿಸಿಕೊಳ್ಳದಿದ್ದರೆ ಸಾವು ಅಥವಾ ತೀವ್ರ ಗಾಯ ಸಂಭವಿಸಬಹುದು.
• 'ಜಾಗ್ರತೆ' (ಹಳದಿ): ಸಣ್ಣ ಅಥವಾ ಮಧ್ಯಮ ಪ್ರಮಾಣದ ಗಾಯವಾಗಬಹುದು.
• 'ಸೂಚನೆ' (ನೀಲಿ): ದೇಹಕ್ಕೆ ಗಾಯದ ಸಂಭವವಿಲ್ಲ, ವಸ್ತುವಿಗೆ ಹಾನಿಯಾಗಬಹುದು.

ದಿನಬಳಕೆಯ ಮಾತಿನಲ್ಲಿ ಈ ಪದಗಳು ಒಂದಕ್ಕೊಂದು ಪರ್ಯಾಯವೆಂಬಂತೆ ಬಳಕೆಯಾಗುತ್ತವೆ. ಫಲಕದಲ್ಲಿ ಮಾತ್ರ ಅವುಗಳಿಗೆ ನಿಯತವಾದ ಅರ್ಥವಿದೆ. ಎಲ್ಲ ಫಲಕಗಳಲ್ಲಿಯೂ 'ಅಪಾಯ' ಎಂದೇ ಬರೆದರೆ ನಿಜವಾಗಿ ಪ್ರಾಣ ತೆಗೆಯುವ ಜಾಗವು ಉಳಿದವುಗಳ ನಡುವೆ ಮರೆಯಾಗುತ್ತದೆ.

ಸಂಕೇತಪದದ ಕೆಳಗಿನ ಬರಹವು ಮೂರು ಸಂಗತಿಗಳನ್ನು ಒಳಗೊಂಡಿರಬೇಕು: ಅಪಾಯ ಯಾವುದು, ಅದರ ಪರಿಣಾಮವೇನು, ತಪ್ಪಿಸಿಕೊಳ್ಳುವ ಬಗೆ ಹೇಗೆ. 'ತಿರುಗುವ ರೋಲರು ಕೈಯನ್ನು ಎಳೆದು ಜಜ್ಜುತ್ತದೆ. ಮುಚ್ಚಳ ತೆಗೆಯುವ ಮುನ್ನ ಮೋಟಾರು ನಿಲ್ಲಿಸಿರಿ' ಎಂಬ ಎರಡು ವಾಕ್ಯಗಳಲ್ಲಿ ಈ ಮೂರೂ ಅಡಕವಾಗಿವೆ. 'ಸುರಕ್ಷತೆಯೇ ಮೊದಲು' ಎಂಬ ಘೋಷಣೆಯಲ್ಲಿ ಇವುಗಳಲ್ಲಿ ಒಂದೂ ಇಲ್ಲ.

ಗಾತ್ರ, ಸ್ಥಾನ ಮತ್ತು ಬಾಳಿಕೆ

ಚಿಹ್ನೆಯ ಗಾತ್ರವು ಅದನ್ನು ಎಷ್ಟು ದೂರದಿಂದ ಗುರುತಿಸಬೇಕೆಂಬುದನ್ನು ಅವಲಂಬಿಸಿದೆ. ಯುರೋಪಿನಲ್ಲಿ 50 ಮೀಟರಿನೊಳಗಿನ ದೂರಕ್ಕೆ ರೂಢಿಯಲ್ಲಿರುವ ಒಂದು ಸೂತ್ರದಂತೆ, ದೂರವನ್ನು ಮೀಟರುಗಳಲ್ಲಿ ತೆಗೆದುಕೊಂಡು ಅದರ ವರ್ಗವನ್ನು 2000ದಿಂದ ಭಾಗಿಸಿದರೆ ಚದರ ಮೀಟರುಗಳಲ್ಲಿ ಕನಿಷ್ಠ ವಿಸ್ತೀರ್ಣ ದೊರೆಯುತ್ತದೆ. ಇದರಂತೆ 10 ಮೀಟರು ದೂರಕ್ಕೆ 0.05 ಚದರ ಮೀಟರು, ಅಂದರೆ ಸುಮಾರು 34 ಸೆಂಟಿಮೀಟರು ಭುಜದ ತ್ರಿಕೋನ ಬೇಕು. 5 ಮೀಟರಿಗೆ ಸುಮಾರು 17 ಸೆಂಟಿಮೀಟರು ಸಾಕು.

ಚಿಹ್ನೆಯನ್ನು ಅಪಾಯದ ಸ್ಥಾನಕ್ಕೆ ಸಮೀಪದಲ್ಲಿ ಇರಿಸಬೇಕು; ಆದರೆ ಅದನ್ನು ಓದಲು ಅಪಾಯದೊಳಗೇ ಹೋಗಬೇಕಾದಷ್ಟು ಸಮೀಪ ಇರಬಾರದು. ಕೆಲಸಗಾರನು ನಿಲ್ಲುವ ಕಡೆಗೆ ಅದು ಮುಖಮಾಡಿರಬೇಕು. ತೆಗೆಯಬಹುದಾದ ಮುಚ್ಚಳದ ಹೊರಮೈಯಲ್ಲಿ ಮಾತ್ರ ಚಿಹ್ನೆಯಿದ್ದರೆ, ಮುಚ್ಚಳವನ್ನು ಕಳಚಿ ಬದಿಗಿಟ್ಟಾಗ ಚಿಹ್ನೆಯೂ ಅದರೊಡನೆ ಹೋಗುತ್ತದೆ. ಆದುದರಿಂದ ಮುಚ್ಚಳದ ಹಿಂದಿನ ಯಂತ್ರಭಾಗದಲ್ಲಿಯೂ ಒಂದು ಚಿಹ್ನೆ ಅವಶ್ಯ. ಎಣ್ಣೆ, ದೂಳು, ಬಿಸಿಲು, ನೀರುಗಳನ್ನು ತಾಳಿಕೊಳ್ಳುವ ವಸ್ತುವಿನಿಂದ ಅದನ್ನು ಮಾಡಿರಬೇಕು. ಮಾಸಿದ ಚಿಹ್ನೆಯನ್ನು ಬದಲಿಸುವುದು ಯಂತ್ರದ ನಿರ್ವಹಣೆಯ ಭಾಗವೇ ಆಗಿದೆ.

ಅರ್ಥಗ್ರಹಿಕೆಯ ಪರೀಕ್ಷೆ

ಚಿತ್ರವನ್ನು ಬರೆದವನಿಗೆ ಅದರ ಅರ್ಥ ಸ್ಪಷ್ಟವಾಗಿಯೇ ಇರುತ್ತದೆ, ನೋಡುವವನಿಗೆ ಹಾಗಿರಬೇಕೆಂದಿಲ್ಲ. ಆದುದರಿಂದ ಹೊಸ ಚಿಹ್ನೆಗಳನ್ನು ಜನರಿಗೆ ತೋರಿಸಿ ಅರ್ಥ ಕೇಳುವ ಪರೀಕ್ಷಾವಿಧಾನವನ್ನು ಐಎಸ್‌ಒ 9186 ಎಂಬ ಮಾನಕವು ವಿವರಿಸುತ್ತದೆ. ಅಮೆರಿಕದ ಆನ್ಸಿ ಝಡ್535.3 ಮಾನಕದ ಪರೀಕ್ಷೆಯಲ್ಲಿ ಕನಿಷ್ಠ ಶೇ. 85ರಷ್ಟು ಉತ್ತರಗಳು ಸರಿಯಾಗಿರಬೇಕು ಮತ್ತು ಅಪಾಯಕಾರಿಯಾದ ವಿರುದ್ಧಾರ್ಥವನ್ನು ಗ್ರಹಿಸಿದವರ ಪ್ರಮಾಣವು ಶೇ. 5ನ್ನು ಮೀರಬಾರದು.

ಈ ಪರೀಕ್ಷೆಯ ಅಗತ್ಯವನ್ನು ವಿಕಿರಣದ ಚಿಹ್ನೆಯ ಇತಿಹಾಸ ಚೆನ್ನಾಗಿ ತೋರಿಸುತ್ತದೆ. ಮೂರು ದಳಗಳ ವಿಕಿರಣ ಚಿಹ್ನೆಯು 1946ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಪ್ರಯೋಗಾಲಯದಲ್ಲಿ ಹುಟ್ಟಿತು. ಅದನ್ನು ಕಲಿತವರಿಗೆ ಅದರ ಅರ್ಥ ಗೊತ್ತು. ಕಲಿಯದವರಿಗೆ ಅದು ಯಾವ ಭಯವನ್ನೂ ಹುಟ್ಟಿಸುವುದಿಲ್ಲ. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯು ಭಾರತವೂ ಸೇರಿದಂತೆ 11 ದೇಶಗಳಲ್ಲಿ ಪರೀಕ್ಷೆ ನಡೆಸಿ, 2007ರಲ್ಲಿ ಒಂದು ಪೂರಕ ಚಿಹ್ನೆಯನ್ನು ಪ್ರಕಟಿಸಿತು. ಕೆಂಪು ತ್ರಿಕೋನದೊಳಗೆ ವಿಕಿರಣದ ಅಲೆಗಳು, ತಲೆಬುರುಡೆ ಮತ್ತು ಓಡುತ್ತಿರುವ ಮನುಷ್ಯನ ಚಿತ್ರ ಅದರಲ್ಲಿದೆ. ಉಪಕರಣವನ್ನು ಬಿಚ್ಚಲು ತೊಡಗಿದವನ ಕಣ್ಣಿಗೆ ಬೀಳುವಂತೆ ಅದನ್ನು ಒಳಭಾಗದಲ್ಲಿ ಇರಿಸಬೇಕೆಂಬುದು ಆಶಯ. ಯಾರಿಗೆ ಮತ್ತು ಯಾವ ಕ್ಷಣದಲ್ಲಿ ಎಚ್ಚರಿಕೆ ಬೇಕು ಎಂಬ ಎರಡೂ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ಭಾರತದಲ್ಲಿ

1948ರ ಕಾರ್ಖಾನೆಗಳ ಕಾಯ್ದೆಯ 21ನೆಯ ಪ್ರಕರಣವು ಯಂತ್ರಗಳ ಅಪಾಯಕಾರಿ ಭಾಗಗಳಿಗೆ ಭದ್ರವಾದ ಆವರಣವಿರಬೇಕೆಂದು ವಿಧಿಸಿತು. 22ನೆಯ ಪ್ರಕರಣವು ಚಲನೆಯಲ್ಲಿರುವ ಯಂತ್ರದ ಬಳಿ ಮಾಡುವ ಕೆಲಸವನ್ನು ನಿಯಂತ್ರಿಸಿತು. ಕಾಯ್ದೆಯ ಪ್ರಕಾರ ಪ್ರದರ್ಶಿಸಬೇಕಾದ ಸೂಚನೆಗಳು ಇಂಗ್ಲಿಷಿನಲ್ಲಿಯೂ ಕೆಲಸಗಾರರಲ್ಲಿ ಹೆಚ್ಚಿನವರಿಗೆ ತಿಳಿಯುವ ಭಾಷೆಯಲ್ಲಿಯೂ ಇರಬೇಕೆಂದು 108ನೆಯ ಪ್ರಕರಣ ಹೇಳಿತು. 2020ರಲ್ಲಿ ಸಂಸತ್ತು ಅಂಗೀಕರಿಸಿದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯು ಈ ಕಾಯ್ದೆಯ ಸ್ಥಾನಕ್ಕೆಂದು ರೂಪಿತವಾದದ್ದು.

ಕೃಷಿ ಯಂತ್ರಗಳ ವಿಷಯದಲ್ಲಿ 1983ರ ಅಪಾಯಕಾರಿ ಯಂತ್ರಗಳ (ನಿಯಂತ್ರಣ) ಕಾಯ್ದೆಯು ಶಕ್ತಿಚಾಲಿತ ಒಕ್ಕಣೆ ಯಂತ್ರಗಳನ್ನು ನಿಯಂತ್ರಣಕ್ಕೆ ಒಳಪಡಿಸಿತು. ಯಂತ್ರದಿಂದ ಸತ್ತ ಅಥವಾ ಗಾಯಗೊಂಡ ಕಾರ್ಮಿಕರಿಗೆ ಪರಿಹಾರ ನೀಡುವುದೂ ಅದರ ಉದ್ದೇಶಗಳಲ್ಲಿ ಒಂದು.

ವಿದ್ಯುತ್ ಸ್ಥಾವರಗಳ ಬಳಿ ಹಾಕುವ ಅಪಾಯ ಫಲಕದ ಸ್ವರೂಪವನ್ನು ಐಎಸ್ 2551 ನಿಗದಿಪಡಿಸುತ್ತದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಾವಳಿಯಂತೆ ಈ ಫಲಕವು ಹಿಂದಿ ಅಥವಾ ಇಂಗ್ಲಿಷಿನ ಜೊತೆಗೆ ಜಿಲ್ಲೆಯ ಸ್ಥಳೀಯ ಭಾಷೆಯಲ್ಲಿಯೂ ಇರಬೇಕು. ತಲೆಬುರುಡೆ ಮತ್ತು ಮೂಳೆಗಳ ಚಿತ್ರವನ್ನೂ ಹೊಂದಿರಬೇಕು. ಕರ್ನಾಟಕದ ಟ್ರಾನ್ಸ್‌ಫಾರ್ಮರುಗಳ ಮೇಲೆ 'ಅಪಾಯ' ಎಂಬ ಕನ್ನಡ ಪದವೂ ತಲೆಬುರುಡೆಯೂ ಒಟ್ಟಾಗಿ ಕಾಣುವುದು ಈ ಕಾರಣದಿಂದ.

ಇಲ್ಲಿ ಗಮನಿಸಬೇಕಾದ ಒಂದು ವ್ಯತ್ಯಾಸವಿದೆ. ಐಎಸ್‌ಒ 7010ರಲ್ಲಿ ತಲೆಬುರುಡೆಯು ವಿಷಕಾರಿ ವಸ್ತುವಿನ ಚಿಹ್ನೆ (ಡಬ್ಲ್ಯು016). ವಿದ್ಯುತ್ತಿಗೆ ಇರುವುದು ಮಿಂಚಿನ ಬಾಣ. ಭಾರತದಲ್ಲಿ ಬೆಳೆದವರಿಗೆ ತಲೆಬುರುಡೆಯನ್ನು ಕಂಡೊಡನೆ ವಿದ್ಯುತ್ತಿನ ನೆನಪಾಗುವುದು ಸಹಜ. ಆದುದರಿಂದ ಕಾನೂನು ಕಡ್ಡಾಯಪಡಿಸಿದ ಫಲಕವನ್ನು ಉಳಿಸಿಕೊಂಡು, ಸ್ವಿಚ್ ಪೆಟ್ಟಿಗೆಯ ಮೇಲೆ ಮಿಂಚಿನ ಚಿಹ್ನೆಯನ್ನೂ ಹಚ್ಚುವುದರಿಂದ ಸಂದೇಹ ಪರಿಹಾರವಾಗುತ್ತದೆ.

ಬೆಂಗಳೂರಿನ ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳಲ್ಲಿ ಕನ್ನಡಿಗರೊಡನೆ ಹಿಂದಿ, ಒಡಿಯಾ, ಬಂಗಾಳಿ, ತಮಿಳು ಮಾತನಾಡುವವರೂ ದುಡಿಯುತ್ತಾರೆ. ಒಂದೇ ಯಂತ್ರಕ್ಕೆ ಇಷ್ಟೂ ಭಾಷೆಗಳ ಬರಹ ಹಚ್ಚಿದರೆ ಅಕ್ಷರಗಳು ಕಿರಿದಾಗಿ ಯಾವುದನ್ನೂ ಓದಲಾಗುವುದಿಲ್ಲ. ಇಂತಹ ಕಡೆ ನಿರ್ದಿಷ್ಟ ಚಿತ್ರಕ್ಕೆ ಪ್ರಾಧಾನ್ಯ ಕೊಟ್ಟು, ಬರಹವನ್ನು ಒಂದೆರಡು ಭಾಷೆಗಳಿಗೆ ಸೀಮಿತಗೊಳಿಸಿ, ಉಳಿದವರಿಗೆ ಅವರವರ ಭಾಷೆಯಲ್ಲಿ ಬಾಯಿಮಾತಿನಿಂದ ವಿವರಿಸುವುದು ಕಾರ್ಯಸಾಧ್ಯ.

ಎರಡು ಉದಾಹರಣೆಗಳು

ಕಬ್ಬಿನ ಗಾಣ: ಆಲೆಮನೆಯ ಅಥವಾ ರಸ್ತೆಬದಿಯ ಕಬ್ಬಿನಹಾಲಿನ ಅಂಗಡಿಯ ಗಾಣದಲ್ಲಿ ರೋಲರುಗಳು ಎದುರುಬದುರಾಗಿ ತಿರುಗುತ್ತ ಕಬ್ಬನ್ನು ಒಳಗೆಳೆದುಕೊಳ್ಳುತ್ತವೆ. ಜಲ್ಲೆಯನ್ನು ತಳ್ಳುವ ಕೈ ಅದರೊಡನೆಯೇ ಒಳಗೆ ಹೋಗುವುದು ಇಲ್ಲಿನ ಮುಖ್ಯ ಅಪಾಯ. ಮೊದಲು ಬೇಕಾದದ್ದು ಕೈ ರೋಲರನ್ನು ಮುಟ್ಟದಷ್ಟು ಉದ್ದವಾದ ಕಬ್ಬು ಊಡುವ ದೋಣಿ ಹಾಗೂ ಕೈಗೆಟುಕುವ ನಿಲುಗಡೆಯ ಗುಂಡಿ. ಆಮೇಲೆ ಕಬ್ಬು ಊಡುವವನ ಕಣ್ಣಿಗೆ ನೇರವಾಗಿ ಕಾಣುವಂತೆ ರೋಲರುಗಳ ಚಿಹ್ನೆ (ಡಬ್ಲ್ಯು025), ಅದರ ಪಕ್ಕದಲ್ಲಿ ಒಳಗೆ ಕೈಹಾಕಬಾರದೆಂಬ ಚಿಹ್ನೆ (ಪಿ015). ಸಿಪ್ಪೆ ಸಿಕ್ಕಿಕೊಂಡಾಗ ಅದನ್ನು ಕೀಳಲು ಕೈಹಾಕುವ ಹಿಂಬದಿಯಲ್ಲಿಯೂ ಇವೆರಡೂ ಇರಬೇಕು. ಸ್ವಿಚ್ಚಿನ ಬಳಿ ಸಂಪರ್ಕ ಕಡಿತದ ಚಿಹ್ನೆ (ಎಂ021) ಇರಬೇಕು. ಕೈ ಜಜ್ಜುವ ಚಿಹ್ನೆ (ಡಬ್ಲ್ಯು024) ಇಲ್ಲಿ ಸಮೀಪದ್ದೆನಿಸಿದರೂ ಎಳೆದುಕೊಳ್ಳುವ ಕ್ರಿಯೆಯನ್ನು ಅದು ತಿಳಿಸುವುದಿಲ್ಲ.

ಟ್ರ್ಯಾಕ್ಟರಿನ ಶಕ್ತಿವಾಹಕ ದಂಡ: ಟ್ರ್ಯಾಕ್ಟರಿನಿಂದ ಒಕ್ಕಣೆ ಯಂತ್ರಕ್ಕೆ ಶಕ್ತಿಯನ್ನು ಒಯ್ಯುವ ದಂಡದ ಪ್ರಮಾಣಿತ ವೇಗಗಳಲ್ಲಿ ಒಂದು ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9 ಸುತ್ತು. 6 ಸೆಂಟಿಮೀಟರು ವ್ಯಾಸದ ದಂಡವು ಈ ವೇಗದಲ್ಲಿ ಸೆಕೆಂಡಿಗೆ ಸುಮಾರು 1.7 ಮೀಟರು ಬಟ್ಟೆಯನ್ನು ಸುತ್ತಿಕೊಳ್ಳುತ್ತದೆ. ಸೀರೆಯ ಸೆರಗೋ ಪಂಚೆಯ ಅಂಚೋ ಟವೆಲಿನ ತುದಿಯೋ ಸಿಕ್ಕಿದವರಿಗೆ ಬಿಡಿಸಿಕೊಳ್ಳಲು ಸಮಯವೇ ಇರುವುದಿಲ್ಲ. ಇಲ್ಲಿ ಬೇಕಾದದ್ದು ದಂಡವನ್ನು ಪೂರ್ತಿಯಾಗಿ ಮುಚ್ಚುವ ಕವಚ ಮತ್ತು ದಂಡಕ್ಕೆ ಸುತ್ತಿಕೊಂಡ ಮನುಷ್ಯನ ಚಿತ್ರವುಳ್ಳ ಕೃಷಿಯಂತ್ರಗಳ ಚಿಹ್ನೆ. ಆಶ್ಚರ್ಯಸೂಚಕವೊಂದೇ ಇರುವ ತ್ರಿಕೋನವು ಸೆರಗನ್ನು ಬಿಗಿಯಾಗಿ ಸಿಕ್ಕಿಸಿಕೊಳ್ಳಬೇಕೆಂಬ ಅರಿವನ್ನು ಮೂಡಿಸಲಾರದು.

ಮಿತಿಗಳು

ಚಿಹ್ನೆಗಳ ಸಂಖ್ಯೆ ಹೆಚ್ಚಿದಷ್ಟೂ ಸುರಕ್ಷತೆ ಹೆಚ್ಚುತ್ತದೆಂದು ಹೇಳಲಾಗದು. ಒಂದೇ ಯಂತ್ರದ ಮೇಲೆ ಹತ್ತಾರು ಪಟ್ಟಿಗಳಿದ್ದರೆ ಕಣ್ಣು ಯಾವುದರ ಮೇಲೂ ನಿಲ್ಲುವುದಿಲ್ಲ. ದಿನವೂ ಕಾಣುವ ಚಿಹ್ನೆ ಕ್ರಮೇಣ ಗಮನದಿಂದ ಜಾರಿಹೋಗುತ್ತದೆ. ಅಪಾಯವನ್ನು ತೆಗೆದುಹಾಕಿದ ಮೇಲೂ ಉಳಿದಿರುವ ಹಳೆಯ ಫಲಕವು ಇತರ ಫಲಕಗಳ ಮೇಲಿನ ನಂಬಿಕೆಯನ್ನು ಕೆಡಿಸುತ್ತದೆ. ಚಿಹ್ನೆಯ ಅರ್ಥವನ್ನು ಹೊಸ ಕೆಲಸಗಾರನಿಗೆ ಮೊದಲ ದಿನವೇ ಯಂತ್ರದ ಮುಂದೆ ನಿಲ್ಲಿಸಿ ವಿವರಿಸುವುದು, ಅವನ ಬಾಯಿಂದಲೇ ಮರಳಿ ಕೇಳಿ ಖಚಿತಪಡಿಸಿಕೊಳ್ಳುವುದು ಅಗತ್ಯ. ಅಪಘಾತವಾದಾಗ 'ಫಲಕ ಹಾಕಲಾಗಿತ್ತು' ಎಂಬುದು ಮಾಲೀಕನನ್ನು ಹೊಣೆಯಿಂದ ಬಿಡಿಸುವುದಿಲ್ಲ. ಯಂತ್ರಕ್ಕೆ ಆವರಣ ಒದಗಿಸುವ ಕರ್ತವ್ಯವು ಫಲಕಕ್ಕಿಂತ ಮೊದಲಿನದು.